ಹೊಗೆಸೊಪ್ಪು ಇಡುವ ಜಾಗದಲ್ಲೇ ಹಲ್ಲಿನ ಬುಡ ಹುಳುಕಾಗುವುದೇಕೆ?

‘ಎಲೆ ಅಡಿಕೆ ಹಾಕುವವರಿಗೆ ಹುಳುಕು ಬರುವುದಿಲ್ಲ ಡಾಕ್ಟ್ರೇ’ ಎಂದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿರಿಯರು ಆಗಾಗ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಅಡಿಕೆ ಜಗಿಯುವವರಲ್ಲಿ ಹುಳುಕು ಕಡಿಮೆ ಕಂಡ ಅಧ್ಯಯನಗಳಿವೆ. (ಅಡಿಕೆಯೊಂದೇ ಸಾಕು ಬಾಯಿಯ ಕ್ಯಾನ್ಸರ್ ತರಲು, ಅದು ಬೇರೆ ಮಾತು.) ಆದರೆ ಎಲೆಯೊಳಗೆ ಒಂದು ತುಂಡು ಹೊಗೆಸೊಪ್ಪು ಸೇರಿದರೆ ಲೆಕ್ಕವೇ ಬದಲಾಗುತ್ತದೆ.

ಸೊಪ್ಪನ್ನು ಒತ್ತರಿಸಿ ಇಡುವುದು ಸಾಮಾನ್ಯವಾಗಿ ಕೆಳದವಡೆಯಲ್ಲಿ, ಕೆನ್ನೆಗೂ ವಸಡಿಗೂ ನಡುವೆ. ಕೆನ್ನೆ ಸರಿಸಿ ನೋಡಿದರೆ ಅಲ್ಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ವಸಡು ಕೆಳಗೆ ಜಾರಿ ಹಲ್ಲಿನ ಹಳದಿ ಬೇರು ಹೊರಬಿದ್ದಿರುತ್ತದೆ. ಬೇರಿನ ಮೇಲೊಂದು ಕಂದು ಗೆರೆ. ಉಪಕರಣದ ಮೊನೆ ತಾಗಿಸಿದರೆ ಮೆತ್ತಗೆ ಒಳಗಿಳಿಯುತ್ತದೆ. ಹಲ್ಲಿನ ಮೇಲ್ಭಾಗ ಗಟ್ಟಿಯಾಗಿಯೇ ಇರುವುದರಿಂದ ಎಷ್ಟೋ ಮಂದಿಗೆ ಇದು ಗೊತ್ತೇ ಆಗುವುದಿಲ್ಲ.

ಹುಳುಕಿನಲ್ಲಿ ದೊಡ್ಡ ಪಾತ್ರ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾದ್ದು. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಇದನ್ನು ಹುಳುಕು ಹಲ್ಲಿನಿಂದ ಬೇರ್ಪಡಿಸಿದರು. ಸಕ್ಕರೆ ಸಿಕ್ಕಿದರೆ ಇದು ಗ್ಲೂಕನ್ ಎಂಬ ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಜೊತೆಗೆ ಆಮ್ಲ ಉಗುಳುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಹೊಗೆಸೊಪ್ಪಿನ ಚಟ ಹಿಡಿಸುವ ಅಂಶವಾದ ನಿಕೋಟಿನ್ ಬೆರೆಸಿದಾಗ ಅಂಟಿನ ಪದರ ದಪ್ಪವಾಯಿತು, ಆಮ್ಲವೂ ಹೆಚ್ಚಿತು. ಬಾಯಲ್ಲಿ ಜೊಲ್ಲು ತೊಳೆಯುತ್ತಲೇ ಇರುವುದರಿಂದ ಅಷ್ಟೇ ಪರಿಣಾಮ ಆಗಬೇಕೆಂದಿಲ್ಲ, ನಿಜ. ಆದರೆ ಒಂದೇ ಮೂಲೆಯಲ್ಲಿ ಗಂಟೆಗಟ್ಟಲೆ ಸೊಪ್ಪು ಕೂತರೆ ಆ ಮೂಲೆಗೆ ಸಿಗುವ ನಿಕೋಟಿನ್ ಬಹಳ. ಸುಣ್ಣ ಸೇರಿದರೆ ಅದು ರಕ್ತಕ್ಕೂ ಬೇಗ ಇಳಿಯುತ್ತದೆ, ಚಟ ಬಿಗಿಯಾಗುತ್ತದೆ.

ಹಲ್ಲಿನ ಮೇಲ್ಭಾಗದ ಗಟ್ಟಿ ಹೊದಿಕೆಯಾದ ಎನಾಮೆಲ್ ಕರಗಲು ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕೆ ಇಳಿಯಬೇಕು. ಬೇರಿಗೆ ಎನಾಮೆಲ್‌ನ ರಕ್ಷಣೆಯಿಲ್ಲ, 6ರ ಮೇಲಿರುವಾಗಲೇ ಕರಗತೊಡಗುತ್ತದೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತ ಸಿಹಿ ಚಹಾ, ನಡುನಡುವೆ ಹೊಗೆಸೊಪ್ಪು ಎಂದಾದರೆ ಆ ಬೇರಿಗೆ ಬಿಡುವೇ ಇಲ್ಲ.

ಬೀಡಿ ಸೇದುವವರು ‘ಉಜ್ಜಿದರೆ ರಕ್ತ ಬರುವುದಿಲ್ಲ, ವಸಡು ಗಟ್ಟಿಯಿದೆ’ ಎನ್ನುವುದೂ ಉಂಟು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಳಗೆ ಮೂಳೆ ಸವೆಯುತ್ತಿದ್ದರೂ ಹೊರಗೆ ರಕ್ತ ಕಾಣದಿರಬಹುದು.

ಕೇರಳದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಯಿತು. ಬೀಡಿಗೆ ಆ ತಡೆಯಿಲ್ಲ, ಮನೆಯ ಎಲೆತಟ್ಟೆಯಲ್ಲಿ ಹೊಗೆಸೊಪ್ಪೂ ಉಳಿದಿದೆ. ಬಿಡಬೇಕೆಂದು ಹೊರಟವರು ಬಾಯಿ ಖಾಲಿಯೆನಿಸಿ ದಿನವಿಡೀ ಪೆಪ್ಪರ್‌ಮಿಂಟ್ ಚೀಪುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ಕಷ್ಟಪಟ್ಟು ಬಿಟ್ಟವರ ಹಲ್ಲು ಸಕ್ಕರೆಗೆ ಬಲಿಯಾಗಬಾರದು. ಸಕ್ಕರೆಯಿಲ್ಲದ ನಿಕೋಟಿನ್ ಗಮ್ ಅದಕ್ಕಿಂತ ಒಳ್ಳೆಯದು. ‘ಅದರಲ್ಲೂ ನಿಕೋಟಿನ್ ಇದೆಯಲ್ಲ?’ ಎಂದು ಕೇಳುತ್ತಾರೆ. ಇದೆ, ಆದರೆ ಅದು ಕೆಲವು ತಿಂಗಳ ಮಟ್ಟಿಗೆ. ಹೊಗೆಸೊಪ್ಪು ಮಾಡುವ ಹಾನಿಯ ಮುಂದೆ ಏನೂ ಅಲ್ಲ.

ರಾತ್ರಿ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ ನೊರೆ ಉಗುಳಿ, ಮತ್ತೆ ಬಾಯಿ ಮುಕ್ಕಳಿಸಬೇಡಿ. ವಾರಕ್ಕೊಮ್ಮೆ ಬೆಳಕಿನಲ್ಲಿ ಕೆನ್ನೆ ಸರಿಸಿ ಸೊಪ್ಪಿಡುವ ಜಾಗ ನೋಡಿಕೊಳ್ಳಿ. ಬಿಳಿ ಕಲೆಯೋ ಹುಣ್ಣೋ ಎರಡು ವಾರವಾದರೂ ಹೋಗದಿದ್ದರೆ, ನೋವಿಲ್ಲದಿದ್ದರೂ, ದಂತವೈದ್ಯರಿಗೆ ತೋರಿಸಿ.