600 ಮೆಗಾಹರ್ಟ್ಸ್ ತೋರಿಸುವ ಲ್ಯಾಪ್‌ಟಾಪ್ ಕೆಟ್ಟಿಲ್ಲ

“ಬಿಲ್ಲಿನ್ಯಾಗ 1.6 ಗಿಗಾಹರ್ಟ್ಸ್, ಅಂದ್ರ 1600 ಮೆಗಾಹರ್ಟ್ಸ್ ಅಂತ ಬರದಾರ, ಒಳಗ ನೋಡಿದ್ರ 600 ತೋರಸ್ತೈತಿ. ಪ್ರೊಸೆಸರ್ ಬದ್ಲಿ ಮಾಡಿ ಕೊಡ್ರಿ.” ಹುಬ್ಬಳ್ಳಿಯ ರಿಪೇರಿ ಅಂಗಡಿಗಳಿಗೆ ಪೆಂಟಿಯಂ ಎಂ (ಲ್ಯಾಪ್‌ಟಾಪಿಗೆಂದೇ ಇಂಟೆಲ್ ಮಾಡಿದ ಪ್ರೊಸೆಸರ್ ಚಿಪ್) ಕಾಲದ ಲ್ಯಾಪ್‌ಟಾಪ್ ಹೊತ್ತು ತರುವವರು ಈಗಲೂ ಹೀಗೇ ಹೇಳುತ್ತಾರೆ. ಬದಲಿಸುವುದು ಬೇಡ ಮಹಾರಾಯರೆ. ಕೆಲಸವಿಲ್ಲದಾಗ ಅದು 600ಕ್ಕೆ ಇಳಿಯಲೇಬೇಕು.

ಚಿಪ್ ತಿನ್ನುವ ವಿದ್ಯುತ್ತು ಅದರ ಗಡಿಯಾರದ (ಕೆಲಸಕ್ಕೆ ತಾಳ ಹಾಕುವ ಮಿಡಿತದ) ವೇಗದಷ್ಟೇ ಪ್ರಮಾಣದಲ್ಲಿ ಏರಿಳಿಯುತ್ತದೆ. ಮೆಗಾಹರ್ಟ್ಸ್ ಅಂಕಿ ಈ ವೇಗದ್ದೇ. ವೋಲ್ಟೇಜಿನ ಮಟ್ಟಿಗೆ ಮಾತ್ರ ಅದರ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಪ್ರಮಾಣದಲ್ಲಿ. ಜನ ಮರೆಯುವುದು ಈ ‘ವರ್ಗ’ವನ್ನೇ. 2003ರ ಮಾರ್ಚ್‌ನಲ್ಲಿ ಬಂದ 1.6 ಗಿಗಾಹರ್ಟ್ಸ್ ಪೆಂಟಿಯಂ ಎಂ ಪೂರ್ಣ ವೇಗಕ್ಕೆ 1.484 ವೋಲ್ಟ್ ಬೇಡುತ್ತದೆ, 600 ಮೆಗಾಹರ್ಟ್ಸ್‌ಗೆ 0.956 ಸಾಕು. ವೇಗವೊಂದನ್ನೇ ಇಳಿಸಿದ್ದರೆ ಖರ್ಚು ಶೇ 37ರ ಆಸುಪಾಸಿಗೆ ಬರುತ್ತಿತ್ತು. ವೋಲ್ಟೇಜೂ ಇಳಿದದ್ದರಿಂದ ಲೆಕ್ಕ ಶೇ 16ಕ್ಕೆ ಬರುತ್ತದೆ. ಚಿಪ್ಪಿನಲ್ಲಿ ಸುಮ್ಮನೆ ಸೋರುವ ಕರೆಂಟು ಬೇರೆ ಇರುವುದರಿಂದ ಇಂಟೆಲ್ ಕೊಟ್ಟ ಅಂಕಿ 24.5 ವ್ಯಾಟ್‌ನಿಂದ 6 ವ್ಯಾಟ್, ಅಂದರೆ ಶೇ 24ರ ಆಸುಪಾಸು.

ಇದು ದಿಢೀರನೆ ಹುಟ್ಟಿದ್ದಲ್ಲ. ಇಂಟೆಲ್‌ನ 1990ರ ಲ್ಯಾಪ್‌ಟಾಪ್ ಚಿಪ್ 386ಎಸ್‌ಎಲ್‌ನಲ್ಲೇ ಗಡಿಯಾರವನ್ನು ಪೂರ್ತಿ ನಿಲ್ಲಿಸಿದರೂ ರಿಜಿಸ್ಟರಿನಲ್ಲಿದ್ದದ್ದು (ಚಿಪ್ಪಿನೊಳಗಿನ ಪುಟ್ಟ ನೆನಪಿನಲ್ಲಿದ್ದದ್ದು) ಅಳಿಯುತ್ತಿರಲಿಲ್ಲ. 2000ದ ಜನವರಿಯಲ್ಲಿ ಲ್ಯಾಪ್‌ಟಾಪಿನ ಮೊಬೈಲ್ ಪೆಂಟಿಯಂ 3ಕ್ಕೆ ಸ್ಪೀಡ್‌ಸ್ಟೆಪ್ ಎಂಬ ವೇಗ ಬದಲಿಸುವ ವ್ಯವಸ್ಥೆ ಬಂತು: ಕರೆಂಟಿನ ಮೇಲೆ 650 ಮೆಗಾಹರ್ಟ್ಸ್, 1.6 ವೋಲ್ಟ್, ಬ್ಯಾಟರಿಯ ಮೇಲೆ 500, 1.35 ವೋಲ್ಟ್. ಎರಡೇ ಮೆಟ್ಟಿಲು. ಪೆಂಟಿಯಂ ಎಂ ನಡುವೆ ಇನ್ನಷ್ಟು ಮೆಟ್ಟಿಲು ಕಟ್ಟಿತು. ಪೆಂಟಿಯಂ 4ರ ಗಿಗಾಹರ್ಟ್ಸ್ ಜೊತೆ ಇದನ್ನು ತೂಗಲೂಬೇಡಿ. ಇಂಟೆಲ್‌ನ ಇಸ್ರೇಲಿನ ತಂಡ ಪೆಂಟಿಯಂ ಎಂ ಕಟ್ಟಿದ್ದು ಪೆಂಟಿಯಂ 3ರ ವಂಶದ ಮೇಲೆ, 1 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಸೇರಿಸಿ.

ಪರೀಕ್ಷೆ ಸುಲಭ. ಅಡಾಪ್ಟರ್ ಹಚ್ಚಿ, ವಿಂಡೋಸ್ ಎಕ್ಸ್‌ಪಿಯ ಪವರ್ ಆಪ್ಷನ್ಸ್‌ನಲ್ಲಿ ‘ಪೋರ್ಟಬಲ್/ಲ್ಯಾಪ್‌ಟಾಪ್’ ತೆಗೆದು ‘ಆಲ್‌ವೇಸ್ ಆನ್’ ಮಾಡಿ, ವೇಗ ನೋಡಿ. 1.6ಕ್ಕೆ ಏರಿದರೆ ಚಿಪ್ ಆರೋಗ್ಯವಾಗಿದೆ. ಏರದಿದ್ದರೆ ಸಾಮಾನ್ಯವಾಗಿ (ಯಾವಾಗಲೂ ಅಂತ ಹೇಳಲಾರೆ) ಅಡಾಪ್ಟರ್ ನೋಡಬೇಕು. ಕೆಲವು ಮಾಡೆಲ್‌ಗಳು ತಮ್ಮದಲ್ಲದ ಅಡಾಪ್ಟರನ್ನು ಗುರುತಿಸದೆ ಕೆಳಗಿನ ವೇಗದಲ್ಲೇ ಉಳಿಯುತ್ತವೆ.

ಏರಿ ಹತ್ತು ನಿಮಿಷಕ್ಕೆ ಕುಸಿದರೆ ಅದು ಬಿಸಿಯ ತೊಂದರೆ. ಈ ಊರಿನ ಧೂಳಿಗೆ ಫ್ಯಾನಿಗೂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಪದರ ಕೂತಿರುತ್ತದೆ. ಹೊರಗಿನಿಂದ ಊದಿದರೆ ಹೋಗುವುದಿಲ್ಲ, ಫ್ಯಾನ್ ಬಿಚ್ಚಲೇಬೇಕು. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ, ಬಿಸಿ ದಾಟಿಸುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟೇ ಇಡಿ. ಈ ಚಿಪ್ಪಿನ ಮೇಲೆ ಲೋಹದ ಮುಚ್ಚಳವಿಲ್ಲ, ಸಿಲಿಕಾನ್ ಬೆತ್ತಲಾಗಿದೆ. ಆದ್ದರಿಂದ ಹೀಟ್‌ಸಿಂಕ್ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮೂಲೆ ಒಡೆದ ಚಿಪ್ಪಿಗೆ ರಿಪೇರಿ ಇಲ್ಲ.