ಕೇಸು ಇಳಿಯಿತು ಅಂದರೆ ಸೋಂಕು ಇಳಿಯಿತು ಅಂತಲೇ?

ಪ್ರಶ್ನೆ: ಕೋವಿಡ್ ಎರಡನೇ ಅಲೆಯಲ್ಲಿ ಟಿವಿಯಲ್ಲಿ 'ಕೇಸು ಇಳಿಕೆ' ಅನ್ನುತ್ತಿದ್ದರು, ಸಾವು ಮಾತ್ರ ಏರುತ್ತಲೇ ಇತ್ತು. ಇಂಥ ಅಂಕಿಗಳನ್ನು ಹೇಗೆ ಓದಬೇಕು?

ಉತ್ತರ: ಎರಡೂ ಸುದ್ದಿ ನಿಜವೇ. 2021ರ ಮೇ ತಿಂಗಳ ಕರ್ನಾಟಕದ ಮೂರು ಬುಲೆಟಿನ್ ನೋಡಿ. ಮೇ 5, ಬುಧವಾರ 50,112 ಕೇಸು, 346 ಸಾವು. ಮೇ 17, ಸೋಮವಾರ 38,603 ಕೇಸು, 476 ಸಾವು. ಮೇ 24, ಮತ್ತೆ ಸೋಮವಾರ, 25,311 ಕೇಸು, 529 ಸಾವು.

ಮೊದಲು ಹುಡುಕಬೇಕಾದದ್ದು ಪರೀಕ್ಷೆಗಳ ಸಂಖ್ಯೆ. ಮೇ 5ರಂದು ಸುಮಾರು 1.55 ಲಕ್ಷ ಪರೀಕ್ಷೆ ನಡೆದಿತ್ತು, ಮೇ 17ರಂದು ಸುಮಾರು 97 ಸಾವಿರ. ಕೇಸನ್ನು ಪರೀಕ್ಷೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಪಾಸಿಟಿವಿಟಿ ದರ ಸಿಗುತ್ತದೆ. ಅದು 32ರಿಂದ ಸುಮಾರು 40ಕ್ಕೆ ಏರಿತ್ತು! ಕೇಸು 11 ಸಾವಿರ ಕಡಿಮೆಯಾದದ್ದು ಹುಡುಕುವುದು ಕಡಿಮೆಯಾದ್ದರಿಂದಲೂ ಇರಬಹುದು.

ಆದರೆ ಬುಧವಾರವನ್ನು ಸೋಮವಾರದ ಪಕ್ಕ ಇಡುವುದೇ ಸರಿಯಲ್ಲ. ಸೋಮವಾರದ ಲೆಕ್ಕಕ್ಕೆ ಭಾನುವಾರದ ಮಾದರಿಗಳು ಬರುತ್ತವೆ; ರಜೆಯ ದಿನ ಮಾದರಿ ಸಂಗ್ರಹ ತಗ್ಗುತ್ತದೆ, ಮೈ ಹುಷಾರಿಲ್ಲದವರೇ ಹೆಚ್ಚಾಗಿ ಬರುತ್ತಾರೆ. ಸೋಮವಾರಕ್ಕೆ ಸೋಮವಾರವನ್ನೇ ಹೋಲಿಸಿ: ಮೇ 17ರ 40, ಮೇ 24ಕ್ಕೆ ಸುಮಾರು 23. ಪರೀಕ್ಷೆ ತುಸು ಹೆಚ್ಚಿದರೂ ದರ ಬಿದ್ದಿದೆ. ಈ ಇಳಿಕೆಯನ್ನು ನಂಬಬಹುದು.

ಇನ್ನೂ ಗಟ್ಟಿ ಲೆಕ್ಕ ಬೇಕಾದರೆ ಏಳು ದಿನದ ಕೇಸುಗಳನ್ನು ಕೂಡಿಸಿ, ಏಳು ದಿನದ ಪರೀಕ್ಷೆಗಳ ಮೊತ್ತದಿಂದ ಭಾಗಿಸಿ. ದಿನದಿನದ ಶೇಕಡಾವಾರುಗಳ ಸರಾಸರಿ ತೆಗೆಯಬೇಡಿ, ಬಹಳ ಜನ ಎಡವುವುದು ಇಲ್ಲೇ. ಒಂದು ದಿನ 1,000 ಪರೀಕ್ಷೆಯಲ್ಲಿ 200, ಮರುದಿನ 9,000ದಲ್ಲಿ 450 ಪಾಸಿಟಿವ್ ಎಂದುಕೊಳ್ಳಿ. 20 ಮತ್ತು 5ರ ಸರಾಸರಿ 12.5. ನಿಜವಾದ ದರ 10,000ಕ್ಕೆ 650, ಅಂದರೆ 6.5.

ಹಾಗಾದರೆ ಸಾವು ಏಕೆ ಏರಿತು? ಸೋಂಕು ತಗುಲಿ ತೀರಿಕೊಂಡವರಲ್ಲಿ ಹೆಚ್ಚಿನವರು ಪಾಸಿಟಿವ್ ಬಂದ ದಿನವೇ ಸಾಯುವುದಿಲ್ಲ. ನಡುವೆ ಆಸ್ಪತ್ರೆಯ ಎರಡು, ಮೂರು ವಾರ ಇರುತ್ತವೆ. ಹಳೆಯ ಸಾವುಗಳು ತಡವಾಗಿ ಪಟ್ಟಿಗೆ ಸೇರುವುದೂ ಉಂಟು. ಮೇ 24ರ 529 ಸಾವುಗಳಲ್ಲಿ ಬಹುಪಾಲು ತಿಂಗಳ ಆರಂಭದ ಸೋಂಕಿನ ಬಾಕಿ. ಇದನ್ನು ಮರೆತು ಆ ದಿನದ ಸಾವನ್ನು ಆ ದಿನದ ಕೇಸಿನಿಂದ ಭಾಗಿಸಿದರೆ ಮೇ 5ಕ್ಕೆ 0.69, 17ಕ್ಕೆ 1.23, 24ಕ್ಕೆ 2.09 ಶೇಕಡಾ ಬರುತ್ತದೆ. ವೈರಸ್ ಮೂರು ವಾರದಲ್ಲಿ ಮೂರು ಪಟ್ಟು ಮಾರಕವಾಯಿತೇನೋ ಅನ್ನಿಸುತ್ತದೆ. ಅದು ಬರೀ ಭಾಗಾಕಾರದ ಭ್ರಮೆ: ಮೇಲಿನ ಅಂಕಿ (ಸಾವು) ಹಳೆಯದು, ಕೆಳಗಿನದು (ಕೇಸು) ಹೊಸದು. ದಿನದ ಮರಣ ಪ್ರಮಾಣ ಎಂದು ಅಚ್ಚಾಗುವ ಆ ಸಾಲನ್ನು ಬಿಟ್ಟು ಓದಿದರೂ ನಷ್ಟವಿಲ್ಲ.

ಪಾಸಿಟಿವಿಟಿ ದರವೂ ಮೋಸ ಮಾಡಬಲ್ಲದು. 2020ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಸಡಿಲಿಸುವ ಮುನ್ನ ಈ ದರ ಎರಡು ವಾರ ಶೇ 5ಕ್ಕಿಂತ ಕೆಳಗಿರಬೇಕು ಎಂದದ್ದು ಸಾಕಷ್ಟು ಪರೀಕ್ಷೆ ನಡೆಯುತ್ತಿದೆ ಎಂಬ ಊಹೆಯ ಮೇಲೆ. ಜ್ವರ ಬಂದವರನ್ನು ಬಿಟ್ಟು ಬಸ್ ನಿಲ್ದಾಣದಲ್ಲಿ ಆರೋಗ್ಯವಂತರ ಮೂಗಿಗೆ ಕಡ್ಡಿ ಹಾಕುತ್ತ ಹೋದರೆ ದರ ತಾನಾಗಿ ಇಳಿಯುತ್ತದೆ. ಆರ್‌ಟಿ-ಪಿಸಿಆರ್ (ಪ್ರಯೋಗಾಲಯದ ಪರೀಕ್ಷೆ) ಕಡಿಮೆ ಮಾಡಿ ರ‍್ಯಾಪಿಡ್ ಆಂಟಿಜೆನ್ (ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷೆ) ಹೆಚ್ಚಿಸಿದರೂ ಅಷ್ಟೇ. ವೈರಸ್ ಕಡಿಮೆ ಇರುವವರನ್ನು ಅದು ಬಿಟ್ಟುಬಿಡುತ್ತದೆ. ಆದ್ದರಿಂದ ಎರಡೂ ಪರೀಕ್ಷೆಗಳ ಸಂಖ್ಯೆ ಬೇರೆಬೇರೆಯಾಗಿ ಕೊಟ್ಟಿದ್ದರೆ ದರಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ.