ಔಷಧ ಪ್ರಯೋಗಕ್ಕೆ ಸಹಿ ಹಾಕಿದ ಯೋಧನ ಆರೋಗ್ಯ ಕೆಟ್ಟರೆ ಹೊಣೆ ಯಾರದು?

ಪ್ರಶ್ನೆ: ನನ್ನ ತಮ್ಮ ಸೇನೆಯಲ್ಲಿದ್ದಾನೆ. ಹೊಸ ಔಷಧವೊಂದರ ಪ್ರಯೋಗಕ್ಕೆ ಸಹಿ ಹಾಕಿದ್ದಾನಂತೆ. ನಾಳೆ ಏನಾದರೂ ಆದರೆ ‘ನೀನೇ ಒಪ್ಪಿದ್ದೆಯಲ್ಲ’ ಎಂದು ಕೈತೊಳೆದುಕೊಳ್ಳಬಹುದೇ?
– ಹೊಸನಗರದ ಓದುಗರು

ಉತ್ತರ: ಖಂಡಿತ ಇಲ್ಲ. ಅವರು ಸಹಿ ಹಾಕಿದ್ದು ಭಾಗವಹಿಸುವುದಕ್ಕೆ ಮಾತ್ರ. ಚಿಕಿತ್ಸೆ, ಪರಿಹಾರ ಕೇಳುವ ಹಕ್ಕು ಅವರಲ್ಲೇ ಉಳಿದಿರುತ್ತದೆ. ಮೇಲಧಿಕಾರಿಗೆ ‘ಆಗೋದಿಲ್ಲ ಸಾರ್’ ಎನ್ನುವುದು ಯೋಧನಿಗೆ ಸುಲಭವಲ್ಲ. ಅದಕ್ಕಾಗಿಯೇ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಸೇನಾ ಸಿಬ್ಬಂದಿಯನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ಇಟ್ಟಿವೆ. ಔಷಧ ತೀರಾ ಹೊಸ ರಾಸಾಯನಿಕವಾಗಿದ್ದರೆ, ಇಂಥವರಿಂದ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಿಡಬೇಕು.

ಮೊದಲು ಮಾಹಿತಿ ಪತ್ರ ಮತ್ತು ಸಹಿಯಾದ ಒಪ್ಪಿಗೆ ಪತ್ರದ ಪ್ರತಿ ತಮ್ಮನ ಕೈಯಲ್ಲಿದೆಯೇ ಕೇಳಿ. ಅದನ್ನು ಕೊಡಲೇಬೇಕು. ನಾಮಿನಿಯ ಹೆಸರು, ವಿಳಾಸ, ಸಂಬಂಧ ಬರೆಯುವ ಜಾಗ ಅದರಲ್ಲಿರುತ್ತದೆ. ಅದು ಖಾಲಿ ಉಳಿದಿದ್ದರೆ ಈಗಲೇ ತುಂಬಿಸಿ. ಒಂದು ಪ್ರತಿ ಮನೆಯಲ್ಲೂ ಇರಲಿ.

ಎಡವಟ್ಟಾಗುವುದು ಹೆಚ್ಚಾಗಿ ರಜೆಯಲ್ಲಿ. ಬೇಸಿಗೆಯಲ್ಲಿ ಊರಿಗೆ ಬಂದವರಿಗೆ ಜ್ವರ, ಮೈಕೈ ನೋವು ಬಂದರೆ ನಮ್ಮ ಕಡೆ ಮೊದಲು ಮಂಗನ ಕಾಯಿಲೆಯನ್ನೇ ಶಂಕಿಸುತ್ತಾರೆ. ಅದು ಸರಿಯೇ, ರಕ್ತಪರೀಕ್ಷೆ ಆಗಲಿ. ಆದರೆ ತಾಲ್ಲೂಕು ಆಸ್ಪತ್ರೆಯಿರಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿರಲಿ, ‘ಔಷಧ ಪ್ರಯೋಗದಲ್ಲಿದ್ದೇನೆ’ ಎಂದು ಹೇಳಿ ಚೀಟಿಯಲ್ಲಿ ಬರೆಸಿ. ಮಾಹಿತಿ ಪತ್ರದಲ್ಲಿರುವ ಸಂಶೋಧಕ ವೈದ್ಯರ ನಂಬರಿಗೆ ಅಂದೇ ಫೋನ್ ಮಾಡಿ, ಬಳಿಕ ಲಿಖಿತವಾಗಿಯೂ ತಿಳಿಸಿ. ಆಸ್ಪತ್ರೆಗೆ ಸೇರಿಸುವಂಥ ಗಂಭೀರ ತೊಂದರೆಯನ್ನು ಆ ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಣ ಪ್ರಾಧಿಕಾರಕ್ಕೆ, ಪ್ರಾಯೋಜಕರಿಗೆ (ಪ್ರಯೋಗದ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆ), ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿಗೆ ವರದಿ ಮಾಡಬೇಕು. ಡಿಸ್ಚಾರ್ಜ್ ಪತ್ರದಲ್ಲಿ ಬರೀ ‘ಜ್ವರ’ ಎಂದಿದ್ದರೆ ಮುಂದೆ ನಂಟು ತೋರಿಸುವುದು ಕಷ್ಟ.

ಪ್ರಯೋಗಕ್ಕೂ ತೊಂದರೆಗೂ ಸಂಬಂಧವಿಲ್ಲವೆಂದು ಸಾಬೀತಾಗುವವರೆಗೆ, ಅಥವಾ ಸಂಶೋಧಕ ವೈದ್ಯರು ಅಗತ್ಯವೆನ್ನುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಚಿಕಿತ್ಸೆ ಉಚಿತ. ಪ್ರಯೋಗದಿಂದ ಸಾವಾದರೆ ಪರಿಹಾರವನ್ನು 8 ಲಕ್ಷ ರೂಪಾಯಿ ಮೂಲ ಮೊತ್ತದ ಮೇಲೆ ವಯಸ್ಸು, ಅಪಾಯದ ಅಂಶ ನೋಡಿ ಲೆಕ್ಕ ಹಾಕುತ್ತಾರೆ. ಆದೇಶ ಕೈಸೇರಿದ 30 ದಿನದೊಳಗೆ ಪ್ರಾಯೋಜಕರು ಹಣ ಕೊಡಬೇಕು. ಔಷಧವಲ್ಲದ ಅಧ್ಯಯನಕ್ಕೆ, ಅಂದರೆ ಆಹಾರ, ಎತ್ತರದ ಪ್ರದೇಶದ ದೇಹಸ್ಥಿತಿ ಮುಂತಾದವಕ್ಕೆ, ಈ ಸೂತ್ರ ಅನ್ವಯಿಸದು. ಅಲ್ಲಿ ನೈತಿಕ ಸಮಿತಿಗೇ ಬರೆಯಿರಿ.

ವರ್ಷಗಳ ನಂತರ ಕಾಣಿಸುವ ತೊಂದರೆಗೆ? ಅಮೆರಿಕದ ಯೋಧ ಜೇಮ್ಸ್ ಸ್ಟ್ಯಾನ್ಲಿ 1958ರಲ್ಲಿ ರಕ್ಷಾಕವಚದ ಪರೀಕ್ಷೆಗೆಂದು ಹೋದವರು. ಅವರಿಗೆ ಗುಟ್ಟಾಗಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತು ಕುಡಿಸಿದ್ದು ತಿಳಿದದ್ದು 1975ರಲ್ಲಿ, ಸೇನೆಯದೇ ಪತ್ರ ಬಂದಾಗ. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರಿಹಾರದ ದಾವೆಯನ್ನು ಒಪ್ಪಲಿಲ್ಲ. ನನಗದು ಘೋರ ಅನ್ಯಾಯ. 2015ರಲ್ಲಿ ಅಲ್ಲಿನದೇ ಮೇಲ್ಮನವಿ ನ್ಯಾಯಾಲಯವೊಂದು ಬೇರೆ ಮೊಕದ್ದಮೆಯಲ್ಲಿ, ಹೊಸ ಆರೋಗ್ಯ ಮಾಹಿತಿ ಸಿಕ್ಕಾಗಲೆಲ್ಲ ಹಳೆಯ ಪ್ರಯೋಗಾರ್ಥಿಗಳಿಗೆ ತಿಳಿಸುವುದು, ಚಿಕಿತ್ಸೆ ಕೊಡುವುದು ಸೇನೆಯ ಕರ್ತವ್ಯ ಎಂದಿತು. ಆದರೆ ಆ ತೀರ್ಪನ್ನು ಭಾರತದಲ್ಲಿ ಪಾಲಿಸಲೇಬೇಕೆಂದೇನಿಲ್ಲ. ಹಾಗಾಗಿ ‘ನಿವೃತ್ತಿಯ ನಂತರವೂ ಹೊಸ ಮಾಹಿತಿಯನ್ನು ಯಾವ ವಿಳಾಸಕ್ಕೆ ಕಳಿಸುತ್ತೀರಿ?’ ಎಂದು ನಿಮ್ಮ ತಮ್ಮ ಈಗಲೇ ಬರೆದು ಕೇಳಲಿ, ಉತ್ತರವನ್ನು ಒಪ್ಪಿಗೆ ಪತ್ರದ ಜೊತೆಗಿಡಲಿ.